ಮೊಳೆಯ ಸದ್ದು ಕೇಳುತ್ತಿದ್ದ ಚಾಚಾ

ಚಾಚಾ ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಕಪ್ಪಗೆ ದಪ್ಪಗೆ ಬೆಳೆದಿತ್ತು. ಸುತ್ತಿಗೆ ಎಷ್ಟು ಸಲ ಬಿದ್ದಿತ್ತೋ. "ನೋಡ್ ಬೇಟೀ, ನನಗೂ ಒಂದು ಗೊರಸು ಬಂದೈತಿ" ಎಂದು ತೋರಿಸಿ ನಗುತ್ತಿದ್ದರು. ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಾಗ ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಲಾಳದ ಚಾಚಾ ಹೋದ್ರಂತ" ಎಂದರು. ಮೊದಲು ಕಣ್ಣಿಗೆ ಬಂದದ್ದು ಆ ಉಗುರು. ಆಮೇಲೆ ತಿರುಗಿ ನೋಡಿದ್ದು ಹಿತ್ತಲಲ್ಲಿ ನಿಂತಿದ್ದ ನಮ್ಮ ಕುದುರೆ ಗೌರಿಯ ಕಾಲು. ಗೊರಸು ಬೆಳೆದು ಮುಂದಕ್ಕೆ ಚಾಚಿತ್ತು. ಈ ವಾರ ಬಂದು ಕತ್ತರಿಸಿ ಸವರುತ್ತೇನೆ ಎಂದಿದ್ದರು.

ಕುದುರೆಗೆ, ಎತ್ತಿಗೆ ಲಾಳ ಹೊಡೆಯುವುದೇ ಅವರ ಕಸುಬು. ನಾನು ಮದುವೆಯಾಗಿ ಹೊಸಪೇಟೆಗೆ ಬಂದಾಗ ಅವರಿಗೆ ಉಣ್ಣಲೂ ಬಿಡುವಿರಲಿಲ್ಲ. ಕಾಲುವೆ ನೀರು ಬಂದು ಕಂಪ್ಲಿ, ಮೆಟ್ರಿ ಕಡೆಯೆಲ್ಲ ಭತ್ತ, ಕಬ್ಬು. ಕಬ್ಬಿನ ಗಾಡಿಗಳ ಎತ್ತುಗಳು ರಸ್ತೆ ಬದಿಯ ಬೇವಿನ ಮರದ ಕೆಳಗೆ ಅವರಿಗಾಗಿ ಕಾದು ನಿಂತಿರುತ್ತಿದ್ದವು. ಇನ್ನು ಸ್ಟೇಷನ್ನಿಗೆ, ಡ್ಯಾಮಿಗೆ, ಹಂಪಿಗೆ ಓಡುವ ಟಾಂಗಾಗಳು. ಅದರಲ್ಲಿ ನಮ್ಮದೂ ಒಂದು. ಆ ಮರಕ್ಕೂ ನಮ್ಮ ಮನೆಗೂ ನಡುವೆ ಒಂದು ಗೋಡೆ ಅಷ್ಟೆ. ಮಧ್ಯಾಹ್ನ ನಾನು ಗೋಡೆಯ ಮೇಲೆ ಮಜ್ಜಿಗೆ ಇಟ್ಟರೆ, ಕುಡಿದು, ಲೋಟ ತೊಳೆದು, ಬೋರಲು ಹಾಕಿ ಇಡುತ್ತಿದ್ದರು.

ಕೆಲಸಕ್ಕೆ ಮುಂಚೆ ಕುದುರೆಯ ಹಣೆ ಮುಟ್ಟಿ ಬಿಸ್ಮಿಲ್ಲಾ ಅನ್ನುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಹಣಮಪ್ಪಗೂ ಒಂದು ಮಾತು ಹೇಳಿಬಿಡು ಬೇಟೀ. ಕಾಲು ನಾಲ್ಕದಾವು, ಒಬ್ಬನಿಗೇ ಭಾರ ಆದೀತು." ನಾನು ಒಳಗೆ ಹೋಗಿ ದೀಪದ ಮುಂದೆ ಕೈ ಮುಗಿದೇ ಬರುತ್ತಿದ್ದೆ.

ಗೊರಸಿನ ಒಳಗೆ ನಮ್ಮ ಉಗುರಿನ ಕೆಳಗಿರುವಂಥದ್ದೇ ಹಸಿ ಭಾಗ ಇರುತ್ತದೆ. ಅದನ್ನು ಅವರು 'ಜೀವ' ಅನ್ನುತ್ತಿದ್ದರು. ಮೊಳೆ ಗಟ್ಟಿ ಗೊರಸಿನಲ್ಲಿ ಹೋಗುತ್ತಿದ್ದರೆ ಠಣ್ ಎನ್ನುತ್ತದಂತೆ, ಜೀವದ ಕಡೆ ತಿರುಗಿದರೆ ಸದ್ದು ಮೆತ್ತಗಾಗುತ್ತದಂತೆ. ಮೆತ್ತಗಾದ ಕೂಡಲೇ ಮೊಳೆ ಕಿತ್ತು ಬೇರೆ ಜಾಗಕ್ಕೆ ಹೊಡೆಯುತ್ತಿದ್ದರು. ಅದಕ್ಕೇ ಅವರು ಸುತ್ತಿಗೆ ಎತ್ತಿದರೆ ಮರದ ಕೆಳಗೆ ಯಾರೂ ಮಾತಾಡುವಂತಿರಲಿಲ್ಲ. ಒಬ್ಬ ಟಾಂಗಾದವನು ಸುಮ್ಮನಿರಲಾರದೆ, "ಚಾಚಾ, ಮೊಳಿ ನಿಮ್ಮ ಜೋಡಿ ಏನ್ ಮಾತಾಡ್ತೈತ್ರಿ?" ಎಂದ.

"ನಿನಗಿಂತ ಕಡಿಮಿ ಮಾತಾಡ್ತೈತಿ, ಆದ್ರ ಖರೆ ಮಾತಾಡ್ತೈತಿ. ಸುಮ್ಮನ ನಿಂದ್ರತಿಯೋ, ನಿನ್ನ ಬಾಯಿಗೊಂದು ಲಾಳ ಹೊಡೀಲೋ?"

ಗೋಡೆಯ ಈಚೆ ನಾನೂ ನಕ್ಕೆ.

ಹಾಗೇ ಉಳಿಯಲಿಲ್ಲ. ಗದ್ದೆಯವರ ಕೈಗೆ ದುಡ್ಡು ಬಂತು, ಟ್ರ್ಯಾಕ್ಟರ್ ಬಂತು, ಎತ್ತುಗಳು ಬರುವುದು ನಿಂತಿತು. ಆಟೋ ಬಂದ ಮೇಲೆ ಟಾಂಗಾಗಳು ಒಂದೊಂದಾಗಿ ಮುರಿದವು. ಕೊನೆಗೆ ಆ ಮರದ ಕೆಳಗೆ ಬರುತ್ತಿದ್ದದ್ದು ನಮ್ಮ ಗೌರಿ ಒಂದೇ. ಎತ್ತಿನ ಗಾಡಿ ಓಡಾಡುತ್ತಿದ್ದ ರಸ್ತೆಯಲ್ಲಿ ಸಂಡೂರಿನ ಅದಿರು ಲಾರಿಗಳು ಬೆಳಗಿನಿಂದ ಬೈಗಿನವರೆಗೆ ಹೋಗುತ್ತಿದ್ದವು. ಅವುಗಳ ಧೂಳಿಗೆ ಮರದ ಎಲೆಯೆಲ್ಲ ಕೆಂಪು. ನಾನು ಒಗೆದು ಹಾಕಿದ ಸೀರೆಯೂ ಕೆಂಪು. "ಒಳಗ ಓಣಿಗೆ ಬಂದು ಕುಂದರ್ರಿ ಚಾಚಾ" ಎಂದು ನಮ್ಮವರು ಎಷ್ಟೋ ಸಲ ಹೇಳಿದರು. "ದಾರಿ ಬಿಟ್ಟು ಕುಂತ್ರ ಗಿರಾಕಿಗೆ ಹೆಂಗ ಗೊತ್ತಾಗಬೇಕು?" ಎನ್ನುತ್ತಿದ್ದರು.

ಒಂದು ದಿನ ಚಾಚಾ ಗೌರಿಯ ಮುಂಗಾಲಿಗೆ ಮೊಳೆ ಹೊಡೆಯುತ್ತಿದ್ದರು. ಲಾರಿಗಳು ಒಂದರ ಹಿಂದೆ ಒಂದು. ಒಂದು ಲಾರಿ ಜೋರಾಗಿ ಹಾರ್ನ್ ಹೊಡೆಯಿತು, ಅದೇ ಹೊತ್ತಿಗೆ ಗೌರಿ ಬೆಚ್ಚಿ ಕಾಲು ಸೆಳೆಯಿತು. ಹಾರ್ನಿಗೆ ಬೆಚ್ಚಿತು ಎಂದುಕೊಂಡರು. ನಾನೂ ಹಾಗೇ ಎಂದುಕೊಂಡೆ. ಅದರ ಕತ್ತು ನೇವರಿಸಿ, ಉಳಿದ ಮೊಳೆ ಹೊಡೆದು ಕೆಲಸ ಮುಗಿಸಿದರು.

ಎರಡು ದಿನ ಕಳೆದು ಗೌರಿ ಆ ಕಾಲು ನೆಲಕ್ಕೆ ಊರಲಿಲ್ಲ. ಚಾಚಾ ಬಂದು ಗೊರಸಿನ ಮೇಲೆ ಅಂಗೈ ಇಟ್ಟರು. ಬಿಸಿ. ಮೊಳೆ ಕಿತ್ತು, ತುದಿಯನ್ನು ಮೂಸಿ ನೋಡಿದರು. ಕೀವಿನ ವಾಸನೆ; ಮೊಳೆ ಜೀವಕ್ಕೆ ಹೊಕ್ಕಿತ್ತು.

"ಆ ಲಾರಿ ಗದ್ದಲದಾಗ ಯಾರಿಗೆ ಕೇಳ್ತೈತ್ರಿ" ಎಂದರು ನಮ್ಮವರು.

"ಕೇಳದಿದ್ರ ಕೈ ನಿಲ್ಲಿಸಬೇಕಿತ್ತಪ್ಪ. ಲಾರಿಯವ ಏನ್ ಮಾಡ್ಯಾನ?"

ಅಂದಿನಿಂದ ಬೆಳಿಗ್ಗೆ, ಸಂಜೆ ಬಂದರು. ನಾನು ಉಪ್ಪು, ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿಕೊಟ್ಟರೆ, ಗೌರಿಯ ಕಾಲನ್ನು ಬಕೆಟ್ಟಿನಲ್ಲಿ ಇಳಿಸಿ, ನೀರು ಆರುವವರೆಗೆ ಹಿಡಿದು ಕೂರುತ್ತಿದ್ದರು. ಆ ನೋವಿನಲ್ಲೂ ಅದು ಅವರನ್ನು ಒಮ್ಮೆಯೂ ಒದೆಯಲಿಲ್ಲ. ಅದು ದೇವರ ದಯೆ. ಕೀವು ಒಡೆದು ಜೀವ ಉಳಿಯಿತು, ಅದೂ ದಯೆಯೇ. ಆದರೆ ಡಾಂಬರು ರಸ್ತೆಯಲ್ಲಿ ಟಾಂಗಾ ಎಳೆಯುವ ಕಾಲು ಮತ್ತೆ ಬರಲಿಲ್ಲ. ನಮ್ಮವರು ರೈಸ್ ಮಿಲ್ಲಿನಲ್ಲಿ ವಾಚ್‌ಮನ್ ಆದರು. ಟಾಂಗಾದ ಗಾಲಿಗಳು ಗೋಡೆಗೆ ಒರಗಿದವು.

ಚಾಚಾ ಮತ್ತೆ ಸುತ್ತಿಗೆ ಮುಟ್ಟಲಿಲ್ಲ. ಗೌರಿಯ ಗೊರಸು ಸವರಲು ಮಾತ್ರ ಚೂರಿ ಹಿಡಿದು ಬರುತ್ತಿದ್ದರು. "ಇದಕ್ಕ ಕಿವಿ ಬೇಕಾಗಿಲ್ಲ ಬೇಟೀ" ಎನ್ನುತ್ತಿದ್ದರು. ಹೋದ ಸಲ ಬಂದಾಗ ಬಾಗಿದವರು ಏಳಲಾರದೆ ಗೌರಿಯ ಕಾಲನ್ನೇ ಹಿಡಿದು ಎದ್ದರು.

"ಈ ಕೆಲಸ ಯಾರಿಗಾದ್ರೂ ಕಲಿಸ್ರಿ ಚಾಚಾ" ಎಂದೆ.

"ಕಲಿಸ್ತೀನಿ. ಊರಾಗ ಇನ್ನೊಂದು ಕುದುರಿ ಐತೇನು, ತೋರಿಸು."

ಒಳಗೆ ಹೋಗಿ ಅವರಿಗೆ ಮಜ್ಜಿಗೆ ತಂದುಕೊಟ್ಟೆ.

ಸುದ್ದಿ ಹೇಳಿದ ನಮ್ಮವರು ಚಾಚಾ ಅವರ ಮಣ್ಣಿಗೆ ಹೋಗಲು ಚಪ್ಪಲಿ ಮೆಟ್ಟಿದರು. "ಇನ್ನ ಇದರ ಕಾಲಿಗೆ ಯಾರ್ ಗತಿ?" ಎಂದರು. ದೇವರಿದ್ದಾನೆ ಎನ್ನಲು ಹೊರಟವಳು ಗೌರಿಯ ಗೊರಸಿನ ಕಡೆ ನೋಡಿದೆ. ಸವರದೆ ಬಿಟ್ಟರೆ ಗೊರಸು ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಕುದುರೆ ನಿಲ್ಲಲಾರದು. ಇದನ್ನು ಹೇಳಿದವರೂ ಅವರೇ.

ಉಳಿದ ಅಕ್ಕಿಯ ಕಲ್ಲು ಆರಿಸಿದೆ. ತೊಳೆದು, ಆ ನೀರನ್ನು ಗೌರಿಯ ಮುಂದಿಟ್ಟೆ. ಅದು ಕುಡಿಯದೆ ಗೋಡೆಯಾಚೆಯ ಬೇವಿನ ಮರದ ಕಡೆ ಕಿವಿ ನಿಗುರಿಸಿ ನಿಂತಿತು. ಬರಿ ಲಾರಿಯ ಸದ್ದು. ಒಳಗೆ ಬಂದು ಅನ್ನಕ್ಕೆ ಎಸರಿಟ್ಟೆ.