ಸರೋಜಮ್ಮನ ಕೈಗುಣ

ಕೋವಿಡ್ ಗಲಾಟೆ ಮುಗಿದ ಎರಡನೇ ವರ್ಷ. ಪೀಣ್ಯ ಕೈಗಾರಿಕಾ ಪ್ರದೇಶದ ಬೆನ್ನಿಗಿರುವ ಒಂದು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅಷ್ಟು ವರ್ಷ ಹಳ್ಳಿಗಳಲ್ಲಿ ಹಸು ಎಮ್ಮೆಗಳ ಹೆರಿಗೆ ಮಾಡಿಸಿದವಳಿಗೆ ಕೊನೆಗೆ ಲೇತ್ ಮೆಷಿನ್ನುಗಳ ಸದ್ದಿನ ನಡುವೆ ಒಂದು ಕುರ್ಚಿ ಕೊಟ್ಟಿದ್ದರು. ಅಲ್ಲಿಗೆ ಬರುತ್ತಿದ್ದುದು ಪ್ಲಾಸ್ಟಿಕ್ ತಿಂದು ಹೊಟ್ಟೆ ಉಬ್ಬಿಸಿಕೊಂಡ ಹಸುಗಳು, ಕಾರ್ಖಾನೆ ಗೇಟಿನ ನಾಯಿಗಳು, ಬಕ್ರೀದ್ ಹತ್ತಿರವಾದಾಗ ಆಡು ಕುರಿಗಳು.

ನನ್ನ ಬಾಯಿ ಜೋರು. ಹುಳುವಿನ ಔಷಧಿ ಹಾಕಿಸದವರನ್ನು, ನಾಯಿಗೆ ಬಿಸ್ಕತ್ತೇ ಊಟ ಮಾಡಿಟ್ಟವರನ್ನು ಎಲ್ಲರೆದುರಿಗೆ ಉಗಿಯುತ್ತಿದ್ದೆ. ‘ಡಾಕ್ಟ್ರಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂದು ನಮ್ಮ ಸಿಬ್ಬಂದಿ ಹಿಂದಿನಿಂದ ಆಡಿಕೊಳ್ಳುವುದು ನನಗೆ ಗೊತ್ತಿತ್ತು. ಕೇಳಿ ನಗುತ್ತಿದ್ದೆ. ಆದರೆ ನಿಜವಾದ ಮೊಲ ಹಿಡಿದುಕೊಂಡು ಒಬ್ಬರು ಬಂದದ್ದು ಆ ವರ್ಷವೇ.

ಸರೋಜಮ್ಮನಿಗೆ ಆಗ ನಲವತ್ತೆಂಟು. ಲಗ್ಗೆರೆಯಲ್ಲಿ ಮನೆ. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಇಪ್ಪತ್ತು ವರ್ಷ ಶರ್ಟಿನ ಕಾಲರ್ ಹೊಲಿದವಳು. ಮಂಡಿ ನೋವು ಬಂದು ಕೆಲಸ ಬಿಟ್ಟ ಮೇಲೆ ತಾರಸಿಯ ಮೇಲೆ ಮಾಂಸದ ಮೊಲ ಸಾಕಲು ಶುರುಮಾಡಿದ್ದಳು. ಕಿವಿಯ ತುಂಬ ಕಜ್ಜಿಯಾಗಿದ್ದ ಒಂದು ಹೆಣ್ಣು ಮೊಲವನ್ನು ಮಾರ್ಕೆಟ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದಳು. ಚರ್ಮದ ಕೆಳಗೆ ಒಂದು ಇಂಜೆಕ್ಷನ್ ಕೊಟ್ಟು, ‘ನಾನು ಹೇಳೋ ತನಕ ಇದನ್ನ ಮಾಂಸಕ್ಕೆ ಕೊಡಬೇಡಿ’ ಎಂದೆ. ಎರಡು ವಾರದಲ್ಲಿ ಕಿವಿ ಹಸನಾಯಿತು. ಅವತ್ತಿನಿಂದ ನಾನಂದರೆ ಆಕೆಗೆ ದೇವರು.

ಒಮ್ಮೆ ನೋಡೋಣವೆಂದು ಆಕೆಯ ತಾರಸಿ ಹತ್ತಿದೆ. ಆರು ಹೆಣ್ಣು, ಎರಡು ಗಂಡು, ಹಾಲು ಬಿಟ್ಟು ಬೆಳೆಯುತ್ತಿದ್ದ ಇಪ್ಪತ್ಮೂರು ಮರಿ. ಒಟ್ಟು ಮೂವತ್ತೊಂದು. ಶೀಟಿನ ನೆರಳು, ನೆಲದಿಂದ ಮೇಲೆತ್ತಿದ ತಂತಿ ಗೂಡುಗಳು, ಕೆಳಗೆ ಹಿಕ್ಕೆ ಬೀಳಲು ತಗಡಿನ ತಟ್ಟೆ. ಮೊಲ ಗಬ್ಬ ಕಟ್ಟಿದ ಒಂದು ತಿಂಗಳಿಗೆ ಮರಿ ಹಾಕುತ್ತದೆ. ಹಾಕುವ ಮುಂಚೆ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಪೆಟ್ಟಿಗೆಯಲ್ಲಿ ಹಾಸಿಗೆ ಮಾಡುತ್ತದೆ. ಆ ಪೆಟ್ಟಿಗೆಯನ್ನು ಯಾವಾಗ ಇಡಬೇಕು, ಮರಿಯನ್ನು ಯಾವಾಗ ಬೇರ್ಪಡಿಸಬೇಕು ಎಂಬುದೆಲ್ಲ ಸರೋಜಮ್ಮನಿಗೆ ಬಾಯಿಪಾಠ. ಭಾನುವಾರ ಬೆಳಿಗ್ಗೆ ಗಿರಾಕಿಗಳು ಮನೆ ಬಾಗಿಲಿಗೇ ಬರುತ್ತಿದ್ದರು.

ನನಗೆ ಸೋಜಿಗವಾದದ್ದು ಗೂಡುಗಳಿಗೆ ನೇತು ಹಾಕಿದ್ದ ಚೀಟಿಗಳು. ಗಾರ್ಮೆಂಟ್ಸಿನಲ್ಲಿ ಕತ್ತರಿಸಿದ ಬಟ್ಟೆ ಕಟ್ಟು ಕಟ್ಟಾಗಿ ಬರುತ್ತದೆಯಂತೆ. ಪ್ರತಿ ಕಟ್ಟಿಗೂ ಒಂದು ಬಂಡಲ್ ಟಿಕೆಟ್. ಯಾರು ಹೊಲಿದರೋ ಅವರ ಹೆಸರು ಅದರ ಮೇಲೆ. ಪೀಸು ಕೆಟ್ಟರೆ ಟಿಕೆಟ್ ನೋಡುತ್ತಾರೆ, ಹೆಸರಿದ್ದವರ ಮುಂದೆ ತಂದು ಎಸೆಯುತ್ತಾರೆ. ಸರೋಜಮ್ಮ ಮೊಲಗಳಿಗೂ ಅದನ್ನೇ ಮಾಡಿದ್ದಳು. ಪ್ರತಿಯೊಂದಕ್ಕೂ ನಂಬರು, ಮೇವು ಹಾಕಿದ ಹೊತ್ತು, ಕೊಟ್ಟ ಔಷಧಿ, ಕೊನೆಯಲ್ಲಿ ‘ಸರೋಜ’ ಎಂದು ತನ್ನ ಹೆಸರು.

‘ಇಲ್ಲಿ ನಿಮ್ಮನ್ನ ಬಿಟ್ರೆ ಯಾರಿದ್ದಾರೆ? ಹೆಸರು ಯಾಕೆ?’ ಎಂದು ನಕ್ಕೆ.

‘ಯಾರ ಕೈಕೆಲ್ಸ ಅಂತ ಇರ್ಬೇಕಲ್ವಾ ಮೇಡಂ’ ಎಂದಳು.

ಕೈಯ ಬಗ್ಗೆ ಆಕೆಗೆ ಹೆಮ್ಮೆಯಿತ್ತು, ಅದು ಸುಳ್ಳು ಹೆಮ್ಮೆಯೂ ಆಗಿರಲಿಲ್ಲ. ಬೀದಿಯವರು ಕರಿಬೇವಿನ ಸಸಿ ನೆಡಬೇಕಾದರೂ ಸರೋಜಮ್ಮನನ್ನು ಕರೆಯುತ್ತಿದ್ದರು. ಹಸುಗೂಸಿಗೆ ಮೊದಲ ಎಣ್ಣೆ ನೀರು ಹಾಕಲು ಆಕೆಯೇ ಬೇಕು. ಅವಳ ಕೈಗುಣ ಒಳ್ಳೆಯದು, ಮುಟ್ಟಿದ್ದು ಏಳಿಗೆಯಾಗುತ್ತದೆ ಎಂದು ಎಲ್ಲರ ಮಾತು. ಆಗ ಮಗಳು ಲತಾ ಏಳು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನದು. ಸರೋಜಮ್ಮ ಆಗಲೇ ಒಳಗಿನ ಕೋಣೆಗೆ ಸುಣ್ಣ ಹೊಡೆಸಿ, ಹಳೆಯ ಸೀರೆ ಹರಿದು ಮೆತ್ತನೆಯ ಬಟ್ಟೆ ಮಾಡಿಟ್ಟಿದ್ದಳು. ‘ಊರೋರ ಮಕ್ಕಳಿಗೆಲ್ಲಾ ನೀರ್ ಹಾಕಿದೀನಿ ಮೇಡಂ, ಈಗ ನನ್ ಮೊಮ್ಮಗೂಗೆ’ ಎಂದು ಅಂಗೈ ಉಜ್ಜಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಅದಾಗಿ ಒಂದು ತಿಂಗಳಿಗೆ, ಒಂದು ಸೋಮವಾರ, ಆಕೆ ಆಸ್ಪತ್ರೆಗೆ ಬಂದಳು. ಐದಾರು ಮೊಲ ಸೀನುತ್ತಿವೆ, ಮೂಗಿನಲ್ಲಿ ಬಿಳಿ ಸಿಂಬಳ ಎಂದಳು. ಅವತ್ತು ಹುಚ್ಚುನಾಯಿ ರೋಗದ ಲಸಿಕೆ ದಿನ. ಅಂಗಳದ ತುಂಬ ನಾಯಿಗಳ ಬೊಗಳಾಟ, ಮಾಲೀಕರ ಜಗಳ, ನನ್ನ ಕಿರುಚಾಟ. ತಲೆಯೆತ್ತದೆ ಔಷಧಿ ಚೀಟಿ ಬರೆದೆ. ನಾಯಿಗಳಿಗೆ ದಿನಾ ಬರೆಯುವ ಅಮಾಕ್ಸಿಸಿಲಿನ್ ಮಾತ್ರೆಯನ್ನೇ ಪುಡಿ ಮಾಡಿ, ನೀರಲ್ಲಿ ಕಲಸಿ, ದಿನಕ್ಕೆರಡು ಸಲ ಬಾಯಿಗೆ. ಐದು ದಿನ. ಅಂಟುವ ಕಾಯಿಲೆಯಾದ್ದರಿಂದ ‘ಎಲ್ಲಕ್ಕೂ ಕೊಟ್ಬಿಡಿ, ಒಂದನ್ನೂ ಬಿಡಬೇಡಿ’ ಎಂದೂ ಹೇಳಿದೆ.

ಮೊಲಕ್ಕೆ ಈ ಜಾತಿಯ ಔಷಧಿಯನ್ನು ಬಾಯಿಗೆ ಹಾಕಬಾರದು. ಅದರ ಕರುಳಿನಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ತಿಂದ ಸೊಪ್ಪನ್ನು ಅಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಹುಳಿಯಿಸಿ ಜೀರ್ಣ ಮಾಡುತ್ತವೆ, ದೋಸೆ ಹಿಟ್ಟು ಹುಳಿ ಬರುವಂತೆ. ಈ ಮಾತ್ರೆ ಅವನ್ನು ಕೊಲ್ಲುತ್ತದೆ. ಆ ಜಾಗದಲ್ಲಿ ಕೆಟ್ಟವು ಬೆಳೆದು ವಿಷ ಬಿಡುತ್ತವೆ. ಮೂರು ನಾಲ್ಕು ದಿನದಲ್ಲಿ ಭೇದಿ, ಸಾವು. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ಸೋಮವಾರ ನೆನಪಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಫೋನ್ ಬಂತು. ಹೋಗಿ ನೋಡಿದರೆ ತಾರಸಿಯ ಮೇಲೆ ಗೋಣಿ ಹಾಸಿ ಸತ್ತವನ್ನು ಸಾಲಾಗಿ ಮಲಗಿಸಿದ್ದಳು. ಅವತ್ತಿಗೆ ಹತ್ತೊಂಬತ್ತು. ಭಾನುವಾರದ ಹೊತ್ತಿಗೆ ಇಪ್ಪತ್ತೇಳು. ಒಂದನ್ನು ಅಲ್ಲೇ ಕೊಯ್ದು ನೋಡಿದೆ. ಸೀಕಮ್ ಉಬ್ಬಿ ಕೆಂಪಾಗಿತ್ತು, ಒಳಗೆ ರಕ್ತ ಬೆರೆತ ನೀರು. ಸೋಮವಾರ ನೆನಪಾಗದಿದ್ದ ಪಾಠವೆಲ್ಲ ಆ ಕ್ಷಣ ಅಕ್ಷರ ಅಕ್ಷರವಾಗಿ ನೆನಪಾಯಿತು. ಚೀಟಿಗಳನ್ನು ನೋಡುತ್ತಾ ಹೋದೆ. ಎಂಟು ಗಂಟೆ, ಔಷಧಿ, ಸರೋಜ. ಮತ್ತೆ ಎಂಟು ಗಂಟೆ, ಔಷಧಿ, ಸರೋಜ. ಒಂದು ಹೊತ್ತೂ ತಪ್ಪಿರಲಿಲ್ಲ. ನಾಲ್ಕು ಚೀಟಿಗಳಲ್ಲಿ ಮಾತ್ರ ‘ಉಗುಳಿತು’, ‘ಉಗುಳಿತು’ ಎಂದು ಬರೆದಿತ್ತು. ಇನ್ನೂ ಉಸಿರಿದ್ದ ಎಂಟು ಭೇದಿಯಾಗಿ ಬಿದ್ದುಕೊಂಡಿದ್ದವು, ಚೂಟಿಯಾಗಿ ಸೊಪ್ಪು ಮೇಯುತ್ತಿದ್ದವು ಆ ನಾಲ್ಕೇ.

ಸರ್ಜಾಪುರದಿಂದ ಬೀಗಿತಿ, ಅಂದರೆ ಲತಾಳ ಅತ್ತೆ ಪಿಳ್ಳಮ್ಮ, ಬಾಣಂತನದ ಮಾತಿಗೆಂದು ಅವತ್ತೇ ಬಂದಿದ್ದರು. ಹಳೇ ಒಕ್ಕಲು ಮನೆತನ, ಹೊಲವೆಲ್ಲ ಈಗ ಬಾಡಿಗೆ ಮನೆಗಳು. ಮೆಟ್ಟಿಲ ತುದಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತು, ‘ಇದೇನವ್ವಾ ಇಂಗೆ? ಮುಟ್ಟಿದ್ದೆಲ್ಲಾ ಮಕಾಡೆ ಮಲಗವಲ್ಲಾ’ ಎಂದರು.

ಸರೋಜಮ್ಮ ಅತ್ತ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದಳು: ‘ಔಷಧಿಯಿಂದ ಏನಾದ್ರೂ ಆಯ್ತಾ ಮೇಡಂ?’

ಬೇರೆಯವರ ತಪ್ಪಿಗೆ ಊರು ಕೇಳುವಂತೆ ಉಗಿಯುತ್ತಿದ್ದ ನನ್ನ ಬಾಯಿ ಆಗ ಮೆತ್ತಗಾಯಿತು. ನಿವೃತ್ತಿ ಹತ್ತಿರವಿತ್ತು. ಆಕೆ ಬರಹದಲ್ಲಿ ದೂರು ಕೊಟ್ಟರೆ, ಇಲಾಖೆ ವಿಚಾರಣೆ, ಪಿಂಚಣಿಗೆ ತೊಡಕು, ಇದೆಲ್ಲ ತಲೆಯಲ್ಲಿ ಓಡಿತು. ಅದಕ್ಕಿಂತ ಹೆಚ್ಚಾಗಿ ಆ ಬೀಗಿತಿಯ ಮುಂದೆ ‘ನಾನು ಮರೆತೆ’ ಎನ್ನಲು ನಾಚಿಕೆಯಾಯಿತು. ಥೂ, ಎಂಥ ನಾಚಿಕೆ ಅದು!

‘ಔಷಧಿ ಏನ್ ಮಾಡುತ್ತಮ್ಮಾ? ಕಾಯಿಲೆ ಒಳಗೇ ಜೋರಾಗಿತ್ತು’ ಎಂದೆ. ‘ಆದ್ರೂ ಮಾತ್ರೆ ನಿಲ್ಲಿಸಿಬಿಡಿ’ ಎಂದೂ ಸೇರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

‘ಹಂಗಾದ್ರೆ ಈ ನಾಲ್ಕಕ್ಕೆ ಯಾಕ್ ಏನೂ ಆಗ್ಲಿಲ್ಲ?’

‘ಅವು ಗಟ್ಟಿ ಜೀವ.’

ಆಕೆ ಆ ನಾಲ್ಕು ಚೀಟಿಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದಳು. ‘ಅದಲ್ಲ ಮೇಡಂ’ ಎಂದಳು. ‘ಈ ನಾಲ್ಕೂ ನನ್ ಕೈಗೇ ಸಿಕ್ತಿರ್ಲಿಲ್ಲ. ಮುಟ್ಟೋಕ್ ಹೋದ್ರೆ ಪರಚ್ತಿದ್ವು. ನನ್ ಕೈ ತಾಗಿದ್ದೆಲ್ಲಾ ಹೋಯ್ತು, ತಾಗ್ದೇ ಇದ್ದಿದ್ದು ಉಳೀತು. ಟಿಕೆಟ್ಟಲ್ಲೇ ಐತಲ್ಲ, ನನ್ ಹೆಸರೇ.’

ಪಿಳ್ಳಮ್ಮ ಲೊಚಗುಟ್ಟಿದರು. ನಾನು ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕೆಂದು, ಯಾವುದನ್ನೂ ಮಾಂಸಕ್ಕೆ ಕೊಡಬಾರದೆಂದು ಹೇಳಿ, ಕೈ ತೊಳೆದುಕೊಂಡು ಮೆಟ್ಟಿಲಿಳಿದೆ.

ಮುಂದಿನ ತಿಂಗಳು ಸರೋಜಮ್ಮ ಆಸ್ಪತ್ರೆಗೆ ಬಂದಳು. ಉಳಿದ ನಾಲ್ಕನ್ನೂ ಗೂಡುಗಳನ್ನೂ ಯಾರಿಗೋ ಕೊಟ್ಟು, ಒಂದು ಕಾರ್ಖಾನೆಯಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದ್ದಳು. ಲತಾ ಹೇಗಿದ್ದಾಳೆಂದು ಕೇಳಿದೆ. ಬಾಣಂತನ ಸರ್ಜಾಪುರದಲ್ಲೇ ಎಂದಳು.

‘ಯಾಕೆ? ಬೀಗಿತಿ ಬೇಡ ಅಂದ್ರಾ?’

‘ಅವ್ರು ಬಾಯಲ್ಲಿ ಹೇಳ್ಲಿಲ್ಲ. ನಾನೇ ಬೇಡ ಅಂದೆ. ಎಳೇ ಮಗು ಮೇಡಂ. ನನ್ ಕೈ ಬೇಡ.’

ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಸುತ್ತ ಯಾರೂ ಇರಲಿಲ್ಲ. ಒಂದೇ ಒಂದು ಮಾತು ಸಾಕಿತ್ತು. ನಾನು ಟೀ ತರಿಸಿದೆ. ಆಕೆ ಕುಡಿದು, ಬರ್ತೀನಿ ಎಂದು ಎದ್ದು ಹೋದಳು.

ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ‘ಕಟುವಾಗಿ ಮಾತಾಡಿದರೂ ಸತ್ಯ ಮಾತಾಡುವ ಅಧಿಕಾರಿ’ ಎಂದು ಒಬ್ಬರು ಭಾಷಣ ಮಾಡಿದರು. ಪಿಂಚಣಿ ಕಾಗದ ಕೈಗೆ ಬಂದ ಮೇಲೆಯೇ, ಅಂದರೆ ಕಳೆದುಕೊಳ್ಳಲು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ, ನಾನು ಲಗ್ಗೆರೆಗೆ ಹೋದದ್ದು. ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಭಾನುವಾರ ಮಧ್ಯಾಹ್ನ ಸರೋಜಮ್ಮ ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಆಕೆ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

‘ಅವತ್ತೇ ಗೊತ್ತಿತ್ತಾ?’

‘ಕೊಯ್ದು ನೋಡಿದಾಗಲೇ ಗೊತ್ತಾಯ್ತು.’

‘ಕೇಳಿದ್ನಲ್ಲಾ ಮೇಡಂ’ ಎಂದಳು. ದನಿ ಏರಲಿಲ್ಲ. ‘ಬಾಯ್ಬಿಟ್ಟು ಕೇಳಿದ್ನಲ್ಲಾ ನಿಮ್ಮನ್ನ.’

ಕ್ಷಮೆ ಕೇಳಿದೆ. ಆಕೆ ಮೊರವನ್ನು ಪಕ್ಕಕ್ಕಿಟ್ಟು, ‘ನನ್ಗೆ ಹೇಳಿ ಏನ್ ಬಂತು? ಮಗೂಗೆ ಒಂದೂವರೆ ವರ್ಷ. ಒಂದ್ ಸಲಾನೂ ಎತ್ಕೊಂಡಿಲ್ಲ ನಾನು. ಸರ್ಜಾಪುರಕ್ಕೆ ಹೋಗಿ ನಮ್ ಬೀಗಿತಿಗೆ ಹೇಳಿ. ಅವ್ರ ಬಾಯಲ್ಲಿ ಸರೋಜಂದು ತಪ್ಪಿಲ್ಲ ಅಂತ ಬರ್ಲಿ. ಆವಾಗ ಎತ್ಕೋತೀನಿ’ ಎಂದಳು.

ಮರುದಿನವೇ ಹೋದೆ. ಲತಾ ಕೆಲಸಕ್ಕೆ ಹೋಗಿದ್ದಳು. ಮಗು ಜಗಲಿಯ ಮೇಲೆ ಒಂದು ಲೋಟ ಹಿಡಿದು ಕುಟ್ಟುತ್ತಿತ್ತು. ಪಿಳ್ಳಮ್ಮ ಮಜ್ಜಿಗೆ ಕೊಟ್ಟು ಉಪಚರಿಸಿದರು. ಮಾತ್ರೆ, ಕರುಳು, ನನ್ನ ಮರೆವು, ನನ್ನ ಸುಳ್ಳು, ಎಲ್ಲವನ್ನೂ ಎರಡು ಸಲ ಬಿಡಿಸಿ ಹೇಳಿದೆ. ಅವರು ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಆಮೇಲೆ ನಕ್ಕರು.

‘ಸರೋಜಮ್ಮ ಕಳ್ಸವ್ಳೆ ಅನ್ನಿ.’

‘ಕಳಿಸಿದ್ದು ಹೌದು. ಆದ್ರೆ ನಾನು ಹೇಳ್ತಿರೋದು ನಿಜ.’

‘ಅಲ್ಲ ಡಾಕ್ಟ್ರಮ್ಮಾ, ಅವತ್ತು ನಾನೂ ಅಲ್ಲೇ ನಿಂತಿದ್ನಲ್ಲ. ಔಸ್ದಿ ಏನ್ ಮಾಡ್ತದೆ ಅಂತ ನೀವೇ ಅಂದ್ರಿ. ನಿಮ್ ಬಾಯಲ್ಲೇ ಕೇಳಿವ್ನಿ. ಈಗ ಪಾಪ, ಅವಳ ಮಕ ನೋಡಿ ಇಂಗೆ ಏಳ್ತಾ ಇದ್ದೀರ. ನಿಮ್ದು ದೊಡ್ ಮನ್ಸು, ಆಯ್ತು. ಎಳೇ ಮಗೀನ ಇಸ್ಯ, ನಂಗೆ ಭಯ.’

ಎಷ್ಟು ವಾದಿಸಿದರೂ ಅಷ್ಟೇ. ನಾನು ಹೆಚ್ಚು ಹೇಳಿದಷ್ಟೂ ಅವರ ಕಣ್ಣಿನಲ್ಲಿ ನಾನು ಹೆಚ್ಚು ಒಳ್ಳೆಯವಳಾಗುತ್ತಿದ್ದೆ. ಹೊರಡುವಾಗ ಒಂದು ಸೀಮೆಬದನೆಕಾಯಿ ಚೀಲವನ್ನೂ ಕೈಗಿಟ್ಟರು.

ಯಾರ ಕೈಯಲ್ಲೂ ತಪ್ಪಾಗುತ್ತದೆ. ಚೀಟಿಯಲ್ಲಿ ಒಂದು ಔಷಧಿಯ ಹೆಸರು ತಪ್ಪು ಬರೆದದ್ದಕ್ಕೆ ಇಪ್ಪತ್ತೇಳು ಮೊಲ ಸತ್ತವು, ಅದನ್ನು ಹೇಗೋ ತುಂಬಿಕೊಡಬಹುದಿತ್ತು. ಆಕೆ ಕೇಳಿದ ಹೊತ್ತಿಗೆ ನಿಜ ಹೇಳದೆ ಹೋದದ್ದನ್ನು ತುಂಬಿಕೊಡಲಾಗಲಿಲ್ಲ. ಈ ವೃತ್ತಿ ನನಗೆ ಕಲಿಸಿದ ಕೊನೆಯ ಪಾಠ ಇದು, ಕಲಿತದ್ದು ಪಿಂಚಣಿ ಬಂದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು.

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಸರೋಜಮ್ಮನ ಫೋನ್ ಬಂತು.

‘ಏನಂದ್ರು ಮೇಡಂ?’

‘ಒಪ್ಪಿದ್ರು’ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

‘ನಂಬಲಿಲ್ಲ ಸರೋಜಮ್ಮ’ ಎಂದೆ.

ಆ ಕಡೆ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು.

‘ಈಗ್ಲಾದ್ರೂ ಒಂದ್ ಸುಳ್ಳು ಹೇಳ್ಬಾರ್ದಿತ್ತಾ ಮೇಡಂ’ ಎಂದು ಆಕೆ ಫೋನ್ ಇಟ್ಟಳು.