ಹುಳು ಹಣ್ಣಾಗುವ ತನಕ

ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದೆ. ಆರಿಯೇ ಇತ್ತು. ಮತ್ತೆ ಹೊರಟೆ. ಬಸ್ ನಿಲ್ದಾಣ ಕಾಣಿಸುವಾಗ ಎರಡನೇ ಸಲ ಬೀಗ ಹಾಕಿದ್ದರ ನೆನಪೇ ತಲೆಯಲ್ಲಿ ಇರಲಿಲ್ಲ. ಬೈದುಕೊಂಡು ತಿರುಗಿ ಬಂದೆ. ಎದುರು ಮನೆಯ ಹೆಂಗಸು ಬಾಗಿಲಿಗೆ ನೀರು ಹಾಕುತ್ತಿದ್ದರು.

"ಏನ್ ಸಾ, ಹೋಯ್ತಾ ಇದ್ದೀರೋ ಬತ್ತಾ ಇದ್ದೀರೋ?"

"ನನಗೂ ಗೊತ್ತಿಲ್ಲಮ್ಮ" ಎಂದೆ. ಅವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಹೆಂಡತಿಯೂ ಮಗಳೂ ರಾಮನಗರದ ಮನೆಯಲ್ಲಿ ನನ್ನೊಬ್ಬನನ್ನೇ ಬಿಟ್ಟು ಸಾತನೂರಿನ ಕಡೆಯ ಅತ್ತೆ ಮನೆಗೆ ಹೋಗಿ ವಾರವಾಗುತ್ತ ಬಂದಿತ್ತು. ದಸರಾ ರಜೆ. ಅತ್ತೆ ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. ಬಾಮೈದನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು, ಅದೇ ಹೊತ್ತಿಗೆ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಡೆಯದು. ಅದರಿಂದ ಎದ್ದ ಹುಳುವಿಗೆ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು, ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಹೀಗಾಗಿ ಇವರಿಬ್ಬರು ಹೋದರು. ನನಗೆ ಚನ್ನಪಟ್ಟಣದ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ನಾನು ಅಲ್ಲಿ ಚರಿತ್ರೆ ಪಾಠ ಮಾಡುವವನು.

ಒಂಟಿತನದ ಬಗ್ಗೆ ದೊಡ್ಡ ಮಾತು ಆಡಲಾರೆ. ಆ ವಾರ ನನ್ನನ್ನು ಕಾಡಿದ್ದು ಒಂಟಿತನವಲ್ಲ, ಹಾಲು. ನಾನು ನೋಡುತ್ತ ನಿಂತರೆ ಕಾಯುತ್ತಲೇ ಇರಲಿಲ್ಲ, ಕತ್ತು ತಿರುಗಿಸಿದರೆ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ಕುಕ್ಕರ್ ಎಷ್ಟು ಕೂಗು ಹಾಕಿತೆಂದು ಲೆಕ್ಕ ತಪ್ಪಿ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಹೆಂಡತಿ ಎಲ್ಲ ಹೇಳಿಯೇ ಹೋಗಿದ್ದಳು. ಏನು ಹೇಳಿದ್ದಳೆಂಬುದು ಮಾತ್ರ ಮರೆತಿತ್ತು. ಕೇಳೋಣವೆಂದರೆ ಅತ್ತೆ ಮನೆಯಲ್ಲಿ ಫೋನಿನ ಸಿಗ್ನಲ್ ಸಿಗುವುದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ಮಾತ್ರ. ಅಲ್ಲಿಗೆ ಬಂದು ನಿಂತು ಮಾತಾಡಲು ಯಾರಿಗೂ ಪುರುಸೊತ್ತಿಲ್ಲ.

"ಅಪ್ಪಾ, ಬಿರ್ರನೆ ಹೇಳು, ಸೊಪ್ಪು ಹಾಕ್ಬೇಕು" ಎನ್ನುತ್ತಿದ್ದಳು ಮಗಳು. ಮೂರನೇ ತರಗತಿಯ ಹುಡುಗಿ.

"ಊಟ ಆಯ್ತಾ?"

"ಆಗೈತೆ. ಫೋನ್ ಮಡಗ್ಲಾ?"

ಐತೆ, ಮಡಗ್ಲಾ. ಒಂದು ವಾರದಲ್ಲಿ ನಾಲಿಗೆಯೇ ಬದಲಾಗಿತ್ತು. ಅದೂ ಇರಲಿ, ನನ್ನ ಕಸಿವಿಸಿಗೆ ಕಾರಣ ಬೇರೆ ಇತ್ತು.

ವರ್ಷ ತುಂಬುವ ಮೊದಲೇ ಇವಳನ್ನು ನಾವು ದತ್ತು ತೆಗೆದುಕೊಂಡಿದ್ದು. ಇದು ಅವಳಿಗೂ ಗೊತ್ತು, ನೆಂಟರಿಗೂ ಗೊತ್ತು. ಮನೆಗೆ ಕರೆತಂದ ದಿನ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತು, "ಯಾರ್ ಕೂಸೋ ಏನೋ, ತಂದ್ಬುಟ್ರಲ್ಲ" ಎಂದಿದ್ದರು. ಆ ಮಾತನ್ನು ನಾನು ಅಷ್ಟು ವರ್ಷ ನುಂಗಿಕೊಂಡಿದ್ದೆ. ಮಗಳು ನಾನಿಲ್ಲದೆ ಆ ಮನೆಯಲ್ಲಿ ಉಳಿದದ್ದು ಇದೇ ಮೊದಲು. ಈಗ ಅಲ್ಲಿಗೆ ಇನ್ನೊಂದು ಮೊಮ್ಮಗು ಬರುವುದಿದೆ, ಅವರ ರಕ್ತದ್ದೇ. ನಾನು ಎದುರಿಗಿಲ್ಲದಾಗ ಯಾರಾದರೂ ಒಂದು ಮಾತು ಆಡಿಬಿಟ್ಟರೆ? ಹಾಲು ಉಕ್ಕಿಸುತ್ತ ನಾನು ಯೋಚಿಸುತ್ತಿದ್ದದ್ದು ಇಷ್ಟೇ.

ಶನಿವಾರ ಮಗಳು ಒಗೆಯುವ ಕಲ್ಲು ಹತ್ತಿ ತಾನೇ ಫೋನು ಮಾಡಿದಳು. ಮಾರನೆಯ ದಿನ ಹುಳು ಹಣ್ಣಾಗಲು ಶುರುವಾಗುತ್ತದಂತೆ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ತಯಾರಾಗುತ್ತದೆ. ಆ ಮನೆಯ ರೂಢಿಯಲ್ಲಿ ಮೊದಲ ಹಣ್ಣುಹುಳುವನ್ನು ಮನೆಯ ಹೆಣ್ಣುಮಗು ಎತ್ತಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ನನ್ನ ಹೆಂಡತಿ ಚಿಕ್ಕವಳಿದ್ದಾಗ ಅವಳೇ ಬಿಡುತ್ತಿದ್ದಳು.

"ಈ ಸಲ ನಾನೇ ಬಿಡ್ಬೇಕಂತೆ. ಅಜ್ಜಿ ಹೇಳವ್ರೆ" ಎಂದಳು.

ಅಜ್ಜಿ ಹೇಳಿದ್ದಾರೆ! ನನಗೆ ನಂಬಿಕೆ ಬರಲಿಲ್ಲ. ಆಸೆ ಹುಟ್ಟಿಸಿ ಕಡೆ ಗಳಿಗೆಯಲ್ಲಿ ಶಾಸ್ತ್ರ, ಸಂಪ್ರದಾಯ ಎಂದು ಪಕ್ಕಕ್ಕೆ ಸರಿಸಿದರೆ ಏನು ಗತಿ? ಎದುರಿಗೆ ನಾನಿರಬೇಕು ಎನ್ನಿಸಿತು. ಹಾಗೆ ಹೊರಟದ್ದು, ಬೀಗದ ಪ್ರಹಸನದ ಆ ಭಾನುವಾರ.

ಕನಕಪುರದಲ್ಲಿ ಬಸ್ಸು ಬದಲಿಸಿ, ಸಾತನೂರಿನಲ್ಲಿ ಇಳಿದು, ಬಿಸಿಲಲ್ಲಿ ನಡೆದು ಅತ್ತೆ ಮನೆ ಮುಟ್ಟಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಹೊಸ್ತಿಲ ಮುಂದೆ, ಹುಳುವಿಗೆ ರೋಗ ತಗುಲದಿರಲೆಂದು, ಸುಣ್ಣದ ಬಿಳಿ ಪುಡಿ ಚೆಲ್ಲಿತ್ತು. ಇನ್ನೇನು ಕಾಲಿಡಬೇಕು, ಒಳಗಿನಿಂದ ಅತ್ತೆಯ ಕೂಗು.

"ಅಲ್ಲೇ ನಿಂತ್ಕಳಿ ಅಳಿಯಂದ್ರೆ! ಒಳಕ್ಕೆ ಬರ್ಬ್ಯಾಡಿ!"

ಹುಳುಮನೆಯಲ್ಲಿ ಜಾಗ ಸಾಲದೆ ಪಡಸಾಲೆಯಲ್ಲೂ ಹುಳುವಿನ ತಟ್ಟೆ ಹಾಕಿದ್ದರು. ಮನೆಯೇ ಹುಳುಮನೆಯಾಗಿತ್ತು. ಈ ಹೊತ್ತಿನಲ್ಲಿ ಹೊರಗಿನವರು ಒಳಗೆ ಬರುವಂತಿಲ್ಲ.

"ನಾನು ಹೊರಗಿನೋನಾ ಅತ್ತೆ?"

"ನೀವು ರೇಷ್ಮೆಗೂಡಿನ ಮಾರ್ಕೆಟ್ಟಿರೋ ಊರ್ನೋರು. ಊರೂರಿನ್ ಹುಳದ್ ರೋಗ ಅಲ್ಲೇ ಬಂದ್ ಬೀಳ್ತದೆ."

"ನಮ್ಮ ಮನೆಗೂ ಮಾರ್ಕೆಟ್ಟಿಗೂ ಎಷ್ಟು ದೂರ! ನಾನು ಆ ಕಡೆ ತಲೆ ಹಾಕಿಯೇ ತಿಂಗಳಾಯ್ತು." ಹಾಗೆಂದವನಿಗೆ, ನಾಲ್ಕು ದಿನದ ಹಿಂದೆ ಆ ಬೀದಿಯಲ್ಲೇ ಇಡ್ಲಿ ತಿಂದಿದ್ದೆನೇ ಎಂಬ ಅನುಮಾನ ಬಂತು.

ಅಷ್ಟರಲ್ಲಿ ಮಗಳು ಬಾಗಿಲಿಗೆ ಬಂದಳು. ಲಂಗವನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಕೂದಲ ತುಂಬ ಸೊಪ್ಪಿನ ಚೂರು. ಅಪ್ಪಾ ಎಂದು ಓಡಿಬರುತ್ತಾಳೆ ಎಂದುಕೊಂಡೆ. ಹೊಸ್ತಿಲಿನ ಒಳಗೇ ನಿಂತು ಮೂಗು ಅರಳಿಸಿದಳು.

"ಅಜ್ಜೀ, ಅಪ್ಪ ಸೊಳ್ಳೆಬತ್ತಿ ಹಚ್ಕೊಂಡ್ ಮಲಗವ್ನೆ! ಅಂಗಿಯೆಲ್ಲಾ ಅದೇ ವಾಸ್ನೆ!"

"ಅಯ್ಯೋ ಶಿವ್ನೆ! ಆ ಹೊಗೆ ವಾಸ್ನೆಗೆ ಹುಳ ಸತ್ತೋಯ್ತವೆ. ಆ ಹುಣಸೇಮರದ್ ತಾವ ಕೂತ್ಕಳಿ, ಊಟ ಅಲ್ಲಿಗೇ ತತ್ತೀನಿ."

ಅಂಗಿಯ ವಾಸನೆಗೆ ಹುಳು ಸಾಯುತ್ತದೆಂದು ಯಾರು ಪರೀಕ್ಷೆ ಮಾಡಿ ನೋಡಿದ್ದಾರೆ ಎಂದು ಕೇಳಬೇಕೆನ್ನಿಸಿತು. ಹುಳುವನ್ನು ಕೊಲ್ಲುವ ನೊಣ ಬಾರದಂತೆ ಕಿಟಕಿಗೆ ಹೊಡೆದಿದ್ದ ಬಲೆಯ ಹಿಂದಿನಿಂದ ಹೆಂಡತಿಯ ದನಿ ಬಂತು. "ರೀ, ವಾದ ಮಾಡ್ಬೇಡಿ. ಹೋಗಿ ಕೂತ್ಕೊಳ್ಳಿ."

ಹೋಗಿ ಕೂತೆ. ಅಳಿಯನಾಗಿ ಆ ಮನೆಗೆ ಕಾಲಿಟ್ಟ ಮೇಲೆ ಮೊದಲ ಬಾರಿಗೆ ಮರದ ಕೆಳಗೆ, ಕೋಳಿಗಳ ನಡುವೆ ಮುದ್ದೆ ಉಂಡೆ. ಹುರುಳಿ ಸಾರು ಚೆನ್ನಾಗಿತ್ತು. ಅದೂ ಸಿಟ್ಟಿಗೇ ಕಾರಣವಾಯಿತು.

ಅತ್ತೆ ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆ ಮಡಚುತ್ತಿದ್ದರು. ಕೇಳಿಯೇ ಬಿಟ್ಟೆ.

"ಮೊದಲ ಹುಳು ಇವಳ ಕೈಯಲ್ಲೇ ಬಿಡಿಸ್ತೀರಾ?"

"ಇನ್ಯಾರ್ ಕೈಲಿ? ನಿಮ್ ಕೈಲಾ?"

"ಅಲ್ಲ, ಬರೋ ತಿಂಗಳು ಇನ್ನೊಂದು ಕೂಸು ಬರುತ್ತಲ್ಲ."

"ಬರ್ಲಿ. ಅದು ಎದ್ದು ನಡ್ದು ಹುಳ ಹಿಡಿಯೋ ಗಂಟ ಈ ಹುಳ ಕಾಯ್ತವಾ?"

ಇದು ನಾನು ಕೇಳಿದ್ದಕ್ಕೆ ಉತ್ತರವಲ್ಲ. ಬಿಡಲಾಗಲಿಲ್ಲ. ಮಗಳು ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ, ಆ ಹಳೆಯ ಮಾತನ್ನು ಎತ್ತಿದೆ. "ಅವತ್ತು ನಮ್ಮ ಮನೆ ಬಾಗಿಲಲ್ಲಿ ನಿಂತು ನೀವು, ಯಾರ ಕೂಸೋ ಏನೋ ಅಂದ್ರಿ."

ಅತ್ತೆ ಎಲೆಯಡಿಕೆಯನ್ನು ದವಡೆಗೆ ಇಟ್ಟುಕೊಂಡರು. ನಿಧಾನವಾಗಿ ಅಗಿದರು.

"ಅಂದಿದ್ರೂ ಅಂದಿರ್ತೀನಿ. ನನ್ ಬಾಯಿ ಸುಮ್ಕಿರೋ ಬಾಯಾ?"

"ರೀ!" ಬಲೆಯ ಹಿಂದೆ ನಿಂತಿದ್ದ ಹೆಂಡತಿಗೆ ಎಲ್ಲ ಕೇಳಿಸಿತ್ತು. "ಅವತ್ತು ಅಮ್ಮ ಬಂದೇ ಇರ್ಲಿಲ್ಲ. ಮನೇಲಿ ಹುಳ ಇತ್ತು, ಬಿಟ್ಟು ಬರೋ ಹಂಗಿರ್ಲಿಲ್ಲ. ಎರಡು ದಿನ ಬಿಟ್ಟು ಬಂದ್ರು. ಆ ಮಾತು ಆಡಿದ್ದು ನಿಮ್ಮ ಸೋದರತ್ತೆ, ಆ ಕಲ್ಯ ಊರೋರು."

"ನಿಮ್ಮಮ್ಮನೇ ಒಪ್ಕೊಂಡ್ರಲ್ಲ ಈಗ?"

"ಅಮ್ಮಂಗೇನು, ಯಾರು ಏನಂದ್ರೂ ಹೂಂ ಅಂತಾರೆ."

ಆರೋಪಿ ತಪ್ಪೊಪ್ಪಿಕೊಂಡಿದ್ದಾರೆ, ಸಾಕ್ಷಿ ಮಾತ್ರ ಅವರು ಊರಲ್ಲೇ ಇರಲಿಲ್ಲ ಎನ್ನುತ್ತಿದ್ದಾಳೆ. ನನ್ನ ಕಣ್ಣಿಗೆ ಈಗಲೂ ಚೌಕಟ್ಟಿನ ಮೇಲಿನ ಅತ್ತೆಯ ಕೈ, ಕೈಬಳೆ ಕಾಣುತ್ತಿತ್ತು. ದುರುಗುಟ್ಟಿ ನೋಡಿದಷ್ಟೂ ಆ ಕೈ ಕಲ್ಯದ ಸೋದರತ್ತೆಯದೂ ಆಗಬಹುದು ಅನ್ನಿಸತೊಡಗಿತು. ಸೋದರತ್ತೆ ತೀರಿಹೋಗಿ ಕೆಲವು ವರ್ಷವಾಗಿದೆ. ಅವರ ಮೇಲೆ ಈಗ ಹೊಸದಾಗಿ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಹೆಂಡತಿಯ ನೆನಪೇ ಸರಿ ಎನ್ನುವುದಕ್ಕೂ ಆಧಾರವಿಲ್ಲ. ಇಷ್ಟು ವರ್ಷ ಜೋಪಾನವಾಗಿ ಕಾಪಾಡಿದ ಕೋಪಕ್ಕೆ ಒಂದು ವಿಳಾಸವೂ ಇಲ್ಲದಂತಾಯಿತು.

"ಅದ್ನ ಇಟ್ಕಂಡ್ ಇಷ್ಟೊರ್ಸ ಉಂಡ್ರಾ ನಮ್ಮನೇಲಿ?" ಎಂದರು ಅತ್ತೆ. ಬೇಜಾರಿನಿಂದಲ್ಲ, ಸೋಜಿಗದಿಂದ. "ಹೇಳ್ಬಾರ್ದಿತ್ತಾ?"

ಏನಾದರೂ ಹೇಳುವ ಮೊದಲೇ ಒಳಗೆ ಗಲಾಟೆ ಎದ್ದಿತು.

"ಅಜ್ಜೀ! ಹಣ್ಣಾಗೈತೆ ಒಂದು! ಮೈಯೆಲ್ಲಾ ಹಳದಿ! ಬಿರ್ರನೆ ಬಾ!"

ಅತ್ತೆ ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು, ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಓಡಿದರು. ನಾನು ಕಿಟಕಿಗೆ ಹೋಗಿ ಬಲೆಗೆ ಹಣೆ ಒತ್ತಿದೆ. ಬಿಸಿಲಿನಿಂದ ಕತ್ತಲೆಗೆ ನೋಡಿದರೆ ಏನು ಕಾಣುತ್ತದೆ? ಬರೀ ಸದ್ದು. ಮಳೆ ಬೀಳುವಂಥ ಸದ್ದು, ಹುಳು ಸೊಪ್ಪು ಮೇಯುವುದು. ನಡುವೆ ಬಾಮೈದ "ಮೆತ್ತಗೆ ಕಣವ್ವ, ಹಿಸುಕ್ಬ್ಯಾಡ" ಎಂದ. ಅತ್ತೆ "ಪೂರ್ವಕ್ಕೆ ತಿರಿಕ್ಕೊ" ಎಂದರು. ಆಮೇಲೆ ಎಲ್ಲರೂ ಒಟ್ಟಿಗೇ ನಕ್ಕರು. ಯಾಕೆ ನಕ್ಕರೆಂದು ಕೇಳಿದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಕೇಳಿದೆ.

"ನೆಳ್ಳು ಅಡ್ಡ ಆಯ್ತದೆ, ಒಸಿ ಸರೀರಿ ಭಾವ" ಎಂದ ಬಾಮೈದ.

ಕೊನೆಗೆ ಮಗಳು ಬಾಗಿಲಿಗೆ ಬಂದು ಅಂಗೈ ತೋರಿಸಿದಳು. ಹುಳು ಕೈ ಮೇಲೆ ಉಚ್ಚೆ ಹೊಯ್ದಿತಂತೆ. ಹಣ್ಣಾದಾಗ ಹೊಯ್ಯುತ್ತದಂತೆ, ಹಾಗಾದರೆ ಒಳ್ಳೆ ಬೆಳೆಯಂತೆ. ಅವಳು ಚೂರೂ ಹೆದರಲಿಲ್ಲವಂತೆ. ಹಿಂದಿನಿಂದ ಬಾಮೈದ ಕಿರುಚಿ ಬಿಟ್ಟಳು ಎಂದ. ಕಿರುಚಿದ್ದು ನೀನೇ ಎಂದಳು ನನ್ನ ಹೆಂಡತಿ. ಅತ್ತೆಯನ್ನು ಕೇಳಿದರೆ "ಯಾರ್ ಕಿರುಚಿದ್ರೇನು, ಬುಟ್ಟಾಯ್ತಲ್ಲ" ಎಂದರು. ನಡೆದು ಹತ್ತು ನಿಮಿಷವೂ ಆಗಿರಲಿಲ್ಲ.

ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. "ಬಾ, ನನ್ನ ಜೊತೆ ಬಂದುಬಿಡು. ಅಮ್ಮ ಆಮೇಲೆ ಬರಲಿ" ಎಂದೆ ಮಗಳಿಗೆ. ಕರೆಯಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು.

"ಇನ್ನೂ ಒಂದೇ ಹಣ್ಣಾಗಿರೋದು ಅಪ್ಪ! ಎಲ್ಲಾನೂ ಆಯ್ಬೇಕು. ಮನೇಲಿ ಜನ ಎಲ್ಲವ್ರೆ?"

"ನಮ್ಮ ಮನೆಯಲ್ಲೂ ಜನ ಇಲ್ಲ."

"ನೀನಿದ್ದೀಯಲ್ಲ" ಎಂದಳು, ಇದೆಂಥ ಮಾತು ಎನ್ನುವ ಹಾಗೆ. ಒಳಗಿನಿಂದ ಅತ್ತೆ ಅವಳನ್ನು ಕೂಗಿದರು. ಇನ್ನೆರಡು ಹಣ್ಣಾಗಿದ್ದವು.

"ನೀ ಹೊಂಡು. ಬಾಗ್ಲು ತೆಗ್ದಿದ್ರೆ ನೊಣ ಬತ್ತದೆ" ಎಂದು ಹೇಳಿ, ನಾನು ಮೆಟ್ಟಿಲ ಮೇಲೆ ನಿಂತಿರುವಾಗಲೇ ಕದ ಹಾಕಿಕೊಂಡಳು. ಒಳಗಿನ ಚಿಲಕ ಎತ್ತರದಲ್ಲಿದೆ. ಸ್ಟೂಲು ಎಳೆಯುವ ಸದ್ದಾಯಿತು, ಆಮೇಲೆ ಚಿಲಕದ್ದು.