ಕೊಂಕಣಿ ಕಲಿತ ಅಕ್ಕೋರು

ನಮ್ಮವ್ವ ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕಲಿಸಿದಳು. ನಾಲ್ಕು ತರಗತಿ, ಒಂದು ಕೋಣೆ, ಒಬ್ಬಳೇ ಶಿಕ್ಷಕಿ. ನಾವಿದ್ದದ್ದು ದಾಂಡೇಲಿಯಲ್ಲಿ. ಅಪ್ಪ ಕಾಗದದ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರು ಇರಲಿಲ್ಲವಾದ್ದರಿಂದ ಅವ್ವ ನನ್ನನ್ನೂ ದಿನಾ ಬಸ್ಸಿನಲ್ಲಿ ಕರೆದೊಯ್ದು ತನ್ನ ಶಾಲೆಗೇ ಸೇರಿಸಿದಳು. ಬಸ್ಸಿನಲ್ಲಿ ಅವಳು ಅವ್ವ. ಶಾಲೆಯ ಪಾವಟಿಗೆ ಹತ್ತಿದ ಮೇಲೆ ಎಲ್ಲರಿಗಿದ್ದಂತೆ ನನಗೂ ಅಕ್ಕೋರು. ಒಮ್ಮೆ ಮರೆತು 'ಅವ್ವಾ' ಅಂದದ್ದಕ್ಕೆ ಅರ್ಧ ತಾಸು ನಿಂತುಕೊಂಡಿದ್ದೆ.

ಹಳ್ಳಿಯಲ್ಲಿ ಹೆಚ್ಚಿನವು ಸಿದ್ದಿಗಳ ಮನೆಗಳು. ಮಕ್ಕಳ ಮನೆಮಾತು ಕೊಂಕಣಿ. ಅವ್ವ ಧಾರವಾಡದ ಕಡೆಯವಳು. ಕನ್ನಡ ಬಿಟ್ಟರೆ ಅವಳಿಗೆ ಬರುತ್ತಿದ್ದದ್ದು ಇನ್ನಷ್ಟು ಗಟ್ಟಿ ದನಿಯ ಕನ್ನಡ. ಅದುವರೆಗೆ ವರ್ಷಕ್ಕೆ ಒಬ್ಬಿಬ್ಬರು ಸೇರಿ, ದೊಡ್ಡ ಮಕ್ಕಳನ್ನು ನೋಡಿ ಕೂತು ಏಳುತ್ತಿದ್ದರು. ನಾನು ಮೂರನೆಯ ತರಗತಿಗೆ ಬಂದ ವರ್ಷ ಒಂದನೆಯದಕ್ಕೆ ಒಮ್ಮೆಲೇ ಒಂಬತ್ತು ಹೊಸ ಮಕ್ಕಳು ಸೇರಿದರು. ಅವ್ವ "ಕೂಡ್ರಿ" ಅಂದಳು. ಅವರು ನಿಂತೇ ಇದ್ದರು. ಇನ್ನೂ ಗಟ್ಟಿಯಾಗಿ ಅಂದಳು. ಇನ್ನೂ ನೆಟ್ಟಗೆ ನಿಂತರು. ಒಬ್ಬಳು ಸಣ್ಣ ಹುಡುಗಿ ಹತ್ತಿರ ಬಂದು ಕೊಂಕಣಿಯಲ್ಲಿ ಏನೋ ಕೇಳಿದಳು. ಅವ್ವ "ಆಮ್ಯಾಲೆ" ಅಂದಳು. ಸ್ವಲ್ಪ ಹೊತ್ತಿಗೆ ನೆಲ ಒದ್ದೆಯಾಯಿತು.

ಅವ್ವ ತಾನೇ ನೆಲ ಒರೆಸಿದಳು. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸನ್ನು ಕೇಳಿ ಕೇಳಿ, ಏಳು ಕೊಂಕಣಿ ಮಾತುಗಳನ್ನು ನನ್ನ ಪಾಟಿಯ ಮೇಲೆ ಬರೆದುಕೊಂಡಳು. ಉಳಿದದ್ದನ್ನು ಅದೇ ಹುಡುಗಿ ಕಲಿಸಿದಳು. ಮಧ್ಯಾಹ್ನದ ಊಟವಾದ ಮೇಲೆ ಹುಡುಗಿ ಕುರ್ಚಿಯ ಮೇಲೆ, ಅವ್ವ ನೆಲದ ಮೇಲೆ. ತಪ್ಪು ಹೇಳಿದರೆ ಹುಡುಗಿ ಪಟ್ಟಿಯಿಂದ ಅಂಗೈಗೆ ಹೊಡೆಯುತ್ತಿದ್ದಳು. ಕಲಿಸುವುದೆಂದರೆ ಹಾಗೆ ಅಂತ ಅವಳು ನಮ್ಮ ಶಾಲೆಯಲ್ಲೇ ನೋಡಿದ್ದಳು. ಆ ವರ್ಷ ಅವ್ವ ಮಕ್ಕಳಿಗೆ ಹೊಡೆಯುವುದನ್ನು ಬಿಟ್ಟಳು. "ಭಾಳ ಉರಿತೈತಿ," ಅಂದಳು ಅಷ್ಟೇ.

ಅಲ್ಲಿಂದ ಮುಂದೆ ಒಂದನೆಯ ತರಗತಿಗೆ ಮೊದಲು ಕೊಂಕಣಿ, ಅದರ ಹಿಂದೆ ಕನ್ನಡ, ಅದರ ಹಿಂದೆ ಅಕ್ಷರ. ಅವಳು ತಂಬಿಗೆ ಎತ್ತಿ "ಉದಾಕ" ಅನ್ನುವಳು, ಮಕ್ಕಳು "ನೀರು" ಅಂತ ಕೂಗುವರು. ಬೆಳಗಿನ ಹೊತ್ತೆಲ್ಲ ಇದೇ. ನನಗೆ ಕನ್ನಡ ಮೊದಲೇ ಬರುತ್ತಿದ್ದದ್ದರಿಂದ ಹದಿನೇಳರ ಮಗ್ಗಿ ಬರೆಯಲು ಹಚ್ಚಿದ್ದಳು. ಆರು ತಿಂಗಳು ಹದಿನೇಳರ ಮಗ್ಗಿ ಬರೆದೆ.

ಹೀಗಿರುವಾಗ ಶಾಲೆ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಅಕ್ಕೋರ ಮಗಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ನನ್ನನ್ನು ಎಬ್ಬಿಸಿ, "ನಿಮ್ಮ ಅಕ್ಕೋರು ಹೆಂಗ ಕಲಿಸ್ತಾರವಾ?" ಅಂದರು.

ನಾನು ಕೈ ಕಟ್ಟಿ ನಿಂತು ಹೇಳಿದೆ: "ಕನ್ನಡದಾಗ ಕಲಿಸೂದಿಲ್ರಿ. ದಿನಾ ಕೊಂಕಣಿ ಮಾತಾಡ್ತಾರ್ರಿ."

ಆ ಶಾಲೆಯಲ್ಲಿ ನಾನು ಅಷ್ಟು ಸ್ಪಷ್ಟವಾಗಿ ಬೇರೇನನ್ನೂ ಹೇಳಿದ ನೆನಪಿಲ್ಲ. ಸಾಹೇಬರು ಬರೆದುಕೊಂಡರು. ವಾರದಲ್ಲಿ ನೋಟಿಸು ಬಂತು. ಕನ್ನಡ ಶಾಲೆಯಲ್ಲಿ ಬೇರೆ ಭಾಷೆ ಏಕೆ, ಲಿಖಿತ ಉತ್ತರ ಕೊಡಬೇಕು.

ಅವ್ವ ನನಗೆ ಬೈಯಲಿಲ್ಲ. ರೊಟ್ಟಿ ಬಡಿಯುತ್ತಲೇ, "ನಿನ್ನ ಅಕ್ಷರ ದುಂಡಗದಾವು, ನೀನ ಬರಿ," ಅಂದಳು. ಅವಳು ಹೇಳಿದಳು, ನಾನು ಬರೆದೆ: 'ಮಕ್ಕಳಿಗೆ ಕನ್ನಡ ಬರುವುದಿಲ್ಲ. ಬರುತ್ತಿದ್ದರೆ ಅದನ್ನು ಕಲಿಯಲು ಶಾಲೆಗೆ ಬರುತ್ತಿರಲಿಲ್ಲ. ತಾವು ಮಾರ್ಚ್ ತಿಂಗಳಲ್ಲಿ ಬಂದು ಪರೀಕ್ಷಿಸಬೇಕಾಗಿ ವಿನಂತಿ.' ಓದಿ ನೋಡಿ, "ಪರೀಕ್ಷಿಸು ಅನ್ನೂದಕ್ಕ ದೀರ್ಘ ಬಿಟ್ಟೀ," ಅಂದಳು. ತಿದ್ದಿಕೊಟ್ಟೆ. ಅವತ್ತು ಅವಳು ನಾಲ್ಕು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಎರಡು ರೊಟ್ಟಿ ಬಡಿಸಿದಳು.

ಮಾರ್ಚಿನಲ್ಲಿ ಸಾಹೇಬರು ಬಂದೇಬಿಟ್ಟರು. ಅವ್ವ ಅದೇ ಸಣ್ಣ ಹುಡುಗಿಯನ್ನು ಕರೆದಳು. ಹುಡುಗಿ ಒಂದು ಪುಟ ಓದಿದಳು. ಬಾಯಿಪಾಠ ಇರಬಹುದೆಂದು ಸಾಹೇಬರು ನಡುವಿನ ಸಾಲಿನ ಮೇಲೆ ಬೆರಳಿಟ್ಟರು. ಅದನ್ನೂ ಓದಿದಳು. ಬೇರೆ ಪಾಠ ತೆಗೆದರು. ಅದರಲ್ಲೂ ಅರ್ಧ ಓದಿ, ಪುಸ್ತಕ ಮಡಿಚಿ ಅವರ ಕೈಗೆ ಕೊಟ್ಟು, ಅಚ್ಚ ಕನ್ನಡದಲ್ಲಿ ಕೇಳಿದಳು: "ಸಾಹೇಬ್ರ, ನಾ ಹೊರಗ ಹೋಗಿ ಬರ್ಲೇನ್ರಿ? ಅವಸರ ಐತ್ರಿ."

ಸಾಹೇಬರು ಹೋಗು ಅಂದರು. ತಪಾಸಣೆ ಪುಸ್ತಕದಲ್ಲಿ 'ತೃಪ್ತಿಕರ' ಅಂತ ಬರೆದರು. ನೋಟಿಸಿನ ಮಾತು ಮತ್ತೆ ಬರಲಿಲ್ಲ.

ಮುಂದೆ ದಾಂಡೇಲಿಗೇ ವರ್ಗ ಮಾಡಿಸಿಕೊಳ್ಳುವ ಅವಕಾಶ ಎರಡು ಸಲ ಬಂತು. ಅಪ್ಪ ಹೂಂ ಅನ್ನು ಅಂದ. ಅವ್ವ, "ಒಂದನೇದವು ಇನ್ನ ಒತ್ತಕ್ಷರಕ್ಕ ಬಂದಿಲ್ಲ," ಅಂದಳು.

"ಯಾವಾಗ ಬರ್ತಾವ?"

"ಫೆಬ್ರುವರಿಗೆ."

ಫೆಬ್ರುವರಿಗೆ ಬಂದವು. ಜೂನಿಗೆ ಹೊಸ ಒಂದನೇದವು ಬಂದವು. ಅಪ್ಪ ಕೇಳುವುದನ್ನು ಬಿಟ್ಟ.

ಅವಳ ಬದುಕಿನ ಕೊನೆಯ ವರ್ಷ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತಿದ್ದೆ. ಒಂದು ದಿನ ದಾರಿಯಲ್ಲಿ, ಮೂವತ್ತು ವರ್ಷ ತಡೆದುಕೊಂಡದ್ದನ್ನು ಕೇಳಿದೆ: "ಅವ್ವಾ, ಅವತ್ತ ಸಾಹೇಬ್ರ ಮುಂದ ನಾ ಹಂಗ ಹೇಳಿದಾಗ ನಿನಗ ಸಿಟ್ಟ ಬಂದಿತ್ತೇನ?"

"ನೀ ಹೇಳಿದ್ದು ಖರೇನ ಇತ್ತಲ್ಲ," ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಬಂದಿತ್ತು. ನಿನ್ನ ಮ್ಯಾಲಲ್ಲ. ಮಗಳು ಆರು ತಿಂಗಳಿಂದ ಒಂದ ಮಗ್ಗಿ ಬರೀಲಿಕ್ಹತ್ತ್ಯಾಳ ಅನ್ನೂದು ನನಗ ಅವತ್ತ ನೆನಪಾತು," ಅಂದಳು.

ಅವಳು ತೀರಿಕೊಂಡ ದಿನ ಹಳ್ಳಿಯಿಂದ ಒಂದು ಟೆಂಪೊ ತುಂಬ ಜನ ಬಂದರು. ಮಣ್ಣು ಮಾಡಿ ಬಂದ ಮೇಲೆ ಒಬ್ಬ ಹೆಂಗಸು ನನ್ನ ಪಕ್ಕ ಕೂತು ಕೊಂಕಣಿಯಲ್ಲಿ ಏನೋ ಕೇಳಿದಳು. ನಾಲ್ಕು ವರ್ಷ ಆ ಮಕ್ಕಳ ನಡುವೆ ಕೂತಿದ್ದ ನನಗೆ ಒಂದು ಮಾತೂ ತಿಳಿಯಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ಆಕೆ ನನ್ನ ಮುಖ ನೋಡಿ, ಕನ್ನಡದಲ್ಲಿ, "ಉಂಡೀಯೇನ ಅಂತ ಕೇಳಿದೆ," ಅಂದಳು.

ಇಲ್ಲ ಅಂದೆ. ಆಕೆ ಎದ್ದು ಅಡುಗೆಮನೆಗೆ ಹೋದಳು.